ಸುಮ್ಮನಿರುವ ಪ್ರಾಣಿ ಸುಖವಾಗಿದೆಯೇ? ಸಾಕಣೆಯ ಪ್ರಾಣಿಗಳ ನಡವಳಿಕೆ ಮತ್ತು ದೀರ್ಘಕಾಲದ ಒತ್ತಡ

ಮೂರು ಗಬ್ಬದ ಹಂದಿಗಳು ಅಕ್ಕಪಕ್ಕದ ಕಬ್ಬಿಣದ ಕಟಕಟೆಗಳಲ್ಲಿವೆ. ಎದ್ದು ನಿಲ್ಲಬಹುದು, ಮಲಗಬಹುದು; ಹಿಂದಕ್ಕೆ ತಿರುಗಲು ಜಾಗವಿಲ್ಲ. ಮೊದಲನೆಯದು ಎದುರಿನ ಅಡ್ಡಕಂಬಿಯನ್ನು ಕಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಎಳೆದಾಡಿ, ಬಿಟ್ಟು, ಮತ್ತೆ ಅದೇ ಕಡೆ ಕಚ್ಚುತ್ತದೆ. ಕಂಬಿಯ ಆ ಭಾಗದಲ್ಲಿ ಬಣ್ಣ ಕಿತ್ತುಹೋಗಿ ಲೋಹ ಫಳಫಳ ಹೊಳೆಯುತ್ತಿದೆ. ಎರಡನೆಯದರ ಬಾಯಲ್ಲಿ ಏನೂ ಇಲ್ಲ, ಆದರೂ ಅಗಿಯುತ್ತಲೇ ಇದೆ. ಬಾಯಂಚಿನಲ್ಲಿ ಬಿಳಿ ನೊರೆ. ಮೂರನೆಯದು ನಾಯಿ ಕೂತಂತೆ ಹಿಂಗಾಲುಗಳ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದೆ. ಬಾಗಿಲು ತೆರೆದ ಸದ್ದಾಯಿತು. ಮೊದಲೆರಡು ತಲೆ ಎತ್ತಿದವು. ಮೂರನೆಯದು ಕಿವಿಯನ್ನೂ ಆಡಿಸಲಿಲ್ಲ.

ಇವುಗಳಲ್ಲಿ ಯಾವುದಕ್ಕೆ ಕಷ್ಟ ಹೆಚ್ಚು ಎಂದು ಕೇಳಿದರೆ ಬಹುತೇಕರ ಬೆರಳು ಮೊದಲನೆಯದರ ಕಡೆಗೆ ಹೋಗುತ್ತದೆ. ಮೂರನೆಯದನ್ನು ‘ಪಾಪ, ಸಾಧುಪ್ರಾಣಿ’ ಎಂದು ದಾಟಿಬಿಡುತ್ತೇವೆ.

ಬಿಸಿಗಾಳಿಯ ದಿನಗಳು ಹೆಚ್ಚುತ್ತಿವೆ, ದನಗಳೂ ಕೋಳಿಗಳೂ ಸೆಕೆಗೆ ಬಳಲುವ ಸುದ್ದಿ ಬರುತ್ತಲೇ ಇದೆ. ಮೊಟ್ಟೆಯ ಡಬ್ಬಿಯ ಮೇಲೆ ‘ಪಂಜರಮುಕ್ತ’ ಎಂದು ಬರೆದಿರುತ್ತದೆ. ಪ್ರಾಣಿಗಳಿಗೂ ಒತ್ತಡ ಇರುತ್ತದೆಯೇ, ಇದ್ದರೆ ಅದು ಅವುಗಳನ್ನು ಏನು ಮಾಡುತ್ತದೆ, ಮಾತು ಬಾರದ ಜೀವದಲ್ಲಿ ಅದನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗಳು ಈಗ ಪಶುವೈದ್ಯರಿಗೆ ಮಾತ್ರ ಸೇರಿದವಲ್ಲ.

ಒತ್ತಡ ಎಂದರೆ ಏನು?

ಬೇಸರ, ಆಯಾಸ, ಚಿಂತೆ ಎಲ್ಲಕ್ಕೂ ನಾವು ‘ಒತ್ತಡ’ ಎಂದುಬಿಡುತ್ತೇವೆ. ಜೀವವಿಜ್ಞಾನದಲ್ಲಿ ಆ ಮಾತಿನ ಅರ್ಥ ಇನ್ನಷ್ಟು ಖಚಿತ. ಅಪಾಯ, ನೋವು, ಸೆಕೆ, ಹಸಿವು, ಅಪರಿಚಿತ ಜಾಗ ಹೀಗೆ ದೇಹದ ಸಮತೋಲನವನ್ನು ಕದಲಿಸುವಂಥದ್ದು ಎದುರಾದಾಗ ಅದನ್ನು ನಿಭಾಯಿಸಲು ದೇಹ ಮಾಡಿಕೊಳ್ಳುವ ಏರ್ಪಾಡೇ ಒತ್ತಡದ ಪ್ರತಿಕ್ರಿಯೆ.

ಈ ಏರ್ಪಾಡಿಗೆ ಎರಡು ಹಂತ. ಮೊದಲನೆಯದು ಕ್ಷಣಾರ್ಧದ್ದು. ನರಗಳ ಮೂಲಕ ಸಂದೇಶ ಹೋಗಿ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ರಕ್ತ ಹೊಟ್ಟೆಯಿಂದ ಸ್ನಾಯುಗಳ ಕಡೆಗೆ ತಿರುಗುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಸುಮಾರು ನೂರು ವರ್ಷಗಳ ಹಿಂದೆ ಇದನ್ನು ‘ಹೋರಾಡು ಇಲ್ಲವೇ ಓಡು’ ಎಂದು ವರ್ಣಿಸಿದರು. ಎರಡನೆಯ ಹಂತ ನಿಧಾನದ್ದು. ಮೆದುಳಿನ ಹೈಪೋಥಲಾಮಸ್ ಭಾಗ ಅದರ ಕೆಳಗೆ ನೇತಾಡುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯುಟರಿ ಅದನ್ನು ಮೂತ್ರಪಿಂಡದ ಪಕ್ಕದಲ್ಲೇ ಇರುವ ಅಡ್ರಿನಲ್ ಗ್ರಂಥಿಗೆ ದಾಟಿಸುತ್ತದೆ. ಆಗ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಕೋಳಿಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಕಾರ್ಟಿಕೋಸ್ಟಿರಾನ್ ಮಾಡುತ್ತದೆ. ಇಷ್ಟಕ್ಕೆಲ್ಲ ಹಿಡಿಯುವುದು ಕೆಲವು ನಿಮಿಷ.

ಕಾರ್ಟಿಸೋಲ್ ಮನೆಯ ಯಜಮಾನನಂತೆ ಖರ್ಚಿನ ದಾರಿ ಬದಲಿಸುತ್ತದೆ. ಬೆಳವಣಿಗೆ, ಸಂತಾನ, ರೋಗನಿರೋಧಕ ಶಕ್ತಿ ಎಲ್ಲವೂ ನಾಳೆಗಿರಲಿ, ಇರುವ ಸಕ್ಕರೆಯೆಲ್ಲ ಈಗಿನ ಅಪಾಯಕ್ಕೆ ಎನ್ನುತ್ತದೆ. ನಾಯಿ ಅಟ್ಟಿಸಿಕೊಂಡು ಬಂದ ಕರು ಓಡಿ ತಾಯಿಯ ಮಗ್ಗುಲು ಸೇರುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಮೇಯುತ್ತಿರುತ್ತದೆ. ಆ ಒತ್ತಡ ಅದರ ಜೀವ ಉಳಿಸಿತು. ಅಂಥ ಒತ್ತಡದಿಂದ ಕೆಡುಕೇನೂ ಇಲ್ಲ.

ಗಂಟೆ ನಿಲ್ಲದೇ ಹೋದರೆ

ಕಾರಣ ಮುಗಿದ ಮೇಲೂ ಅಥವಾ ಕಾರಣವೇ ಮುಗಿಯದೆ ದೇಹದ ಈ ಎಚ್ಚರಿಕೆಯ ಗಂಟೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೊಡೆಯುತ್ತಲೇ ಇದ್ದರೆ ಅದನ್ನು ದೀರ್ಘಕಾಲದ ಒತ್ತಡ ಎನ್ನುತ್ತಾರೆ. ಸದಾ ಕಿಕ್ಕಿರಿದ ದೊಡ್ಡಿ, ಮಲಗಲು ಗಟ್ಟಿ ನೆಲ, ಗುಣವಾಗದ ಕಾಲುನೋವು, ಎಂದೂ ತೀರದ ಹಸಿವು, ಪದೇ ಪದೇ ಬದಲಾಗುವ ಹಿಂಡು, ಹೊಡೆಯುವ ಕೈ, ದಿನವಿಡೀ ಇಳಿಯದ ಸೆಕೆ ಇವೆಲ್ಲ ಅದರ ಮೂಲಗಳು.

1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ಕಂಡರು. ಚಳಿ, ಗಾಯ, ವಿಷ ಎಂದು ಪೀಡೆ ಯಾವುದೇ ಇರಲಿ, ಬಹುಕಾಲ ಮುಂದುವರಿದರೆ ಇಲಿಗಳ ದೇಹ ಒಂದೇ ರೀತಿ ಹದಗೆಡುತ್ತಿತ್ತು. ಮೊದಲು ಎಚ್ಚರ, ಆಮೇಲೆ ತಡೆದುಕೊಳ್ಳುವಿಕೆ, ಕೊನೆಗೆ ಬಳಲಿಕೆ. 1993ರಲ್ಲಿ ಬ್ರೂಸ್ ಮೆಕ್‌ಎವೆನ್ ಮತ್ತು ಎಲಿಯಟ್ ಸ್ಟೆಲ್ಲರ್ ಇದಕ್ಕೆ ಲೆಕ್ಕಾಚಾರದ ರೂಪ ಕೊಟ್ಟರು: ಹೊಂದಿಕೊಳ್ಳಲು ದೇಹ ಪ್ರತಿಸಲವೂ ಏನಾದರೂ ತೆರುತ್ತದೆ, ಆ ಸವಕಳಿ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಾರ್ಟಿಸೋಲ್ ಸಾಕಷ್ಟಾಯಿತು, ಇನ್ನು ನಿಲ್ಲಿಸು ಎಂದು ಹೇಳುವ ವ್ಯವಸ್ಥೆಯೂ ಮೆದುಳಿನಲ್ಲಿದೆ. ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಅದರ ಒಂದು ಭಾಗ. ದೀರ್ಘಕಾಲದ ಒತ್ತಡ ಈ ಕಡಿವಾಣವನ್ನೇ ಸಡಿಲಿಸುತ್ತದೆ. ಆಗ ಪ್ರಾಣಿ ಒಂದೋ ಚಿಕ್ಕ ಸದ್ದಿಗೂ ಬೆಚ್ಚುತ್ತದೆ, ಇಲ್ಲವೇ ದೊಡ್ಡ ಸದ್ದಿಗೂ ಕದಲುವುದಿಲ್ಲ. ನೋಡುವವರ ಕಣ್ಣಿಗೆ ಇವೆರಡೂ ವಿರುದ್ಧವಾಗಿ ಕಾಣುತ್ತವೆ, ಬೇರು ಮಾತ್ರ ಒಂದೇ ಇರಬಹುದು.

ಕೆಲಸ ಸಿಗದ ಮೂತಿ, ಕೆಲಸ ಸಿಗದ ಕೊಕ್ಕು

ಕಂಬಿ ಕಚ್ಚುವ ಹಂದಿ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ, ಬಿಟ್ಟರೆ ಹಂದಿ ಏನು ಮಾಡುತ್ತದೆ ಎಂದು ಮೊದಲು ನೋಡಬೇಕು. ಎಡಿನ್‌ಬರೊ ವಿಶ್ವವಿದ್ಯಾಲಯದ ಅಲೆಕ್ಸ್ ಸ್ಟೋಲ್ಬಾ ಮತ್ತು ಡೇವಿಡ್ ವುಡ್-ಗಶ್ ಸಾಕು ಹಂದಿಗಳನ್ನು ಮರಗಿಡ, ಹುಲ್ಲು, ಕೆಸರು ಇರುವ ವಿಶಾಲ ಆವರಣದಲ್ಲಿ ಬಿಟ್ಟು ಗಮನಿಸಿದರು. 1989ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಹಂದಿಗಳು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತನ್ನು, ಅಂದರೆ ಸುಮಾರು ಶೇ. 52ರಷ್ಟನ್ನು, ಮೂತಿಯಿಂದ ನೆಲ ಕೆದಕಿ ಮೇಯುವುದರಲ್ಲೇ ಕಳೆದವು. ಎಷ್ಟೋ ತಲೆಮಾರು ಸಾಕಣೆಯಲ್ಲಿ ಕಳೆದರೂ ಆ ಹಂಬಲ ಹಾಗೇ ಉಳಿದಿತ್ತು.

ಈಗ ಕಟಕಟೆಗೆ ಬನ್ನಿ. ಮರಿ ಹಾಕಲು ಸಾಕುವ ಹಂದಿಗೆ ಮೈ ಬರಬಾರದೆಂದು ತಾನಾಗಿ ತಿನ್ನುವುದಕ್ಕಿಂತ ಬಹಳ ಕಡಿಮೆ ಆಹಾರ ಕೊಡುತ್ತಾರೆ. ಅದಕ್ಕೆ ಬೇಕಾದ ಪೋಷಕಾಂಶಗಳೆಲ್ಲ ಆ ಒಂದು ಹಿಡಿ ಗಟ್ಟಿ ಮೇವಿನಲ್ಲಿವೆ, ನಿಜ. ಆದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹೊಟ್ಟೆ ತುಂಬಿಲ್ಲ, ಮೂತಿಗೆ ಕೆಲಸವಿಲ್ಲ, ಕೆದಕಲು ಇರುವುದು ಸಿಮೆಂಟು. ಹುಡುಕಬೇಕು, ಅಗಿಯಬೇಕು ಎಂಬ ತುಡಿತ ಸಿಕ್ಕ ಕಂಬಿಯ ಮೇಲೆ ಇಳಿಯುತ್ತದೆ. ಕಂಬಿ ಕಚ್ಚುವಿಕೆ ಹೆಚ್ಚಾಗುವುದು ಊಟಕ್ಕೆ ಮುಂಚೆಗಿಂತ ಊಟ ಮುಗಿದ ಕೂಡಲೇ ಎಂಬುದು ಇದಕ್ಕೆ ತಾಳೆಯಾಗುತ್ತದೆ. ಆ ಸ್ವಲ್ಪ ತಿಂಡಿ ಹುಡುಕಾಟವನ್ನು ಕೆರಳಿಸುತ್ತದೆ, ತಣಿಸುವುದಿಲ್ಲ.

ಹೀಗೆ ಒಂದೇ ಚಲನೆಯನ್ನು ಗುರಿಯಿಲ್ಲದೆ ಮತ್ತೆ ಮತ್ತೆ ಮಾಡುವುದಕ್ಕೆ ಸ್ಟೀರಿಯೋಟೈಪಿ ಎನ್ನುತ್ತಾರೆ, ಅಂದರೆ ಯಾಂತ್ರಿಕ ಪುನರಾವರ್ತನೆ. ಹಸುವಿನಲ್ಲಿ ಅದು ನಾಲಿಗೆ ಸುತ್ತುವುದಾಗಿ ಕಾಣುತ್ತದೆ. ಬಾಯಿ ಅರ್ಧ ತೆರೆದು, ನಾಲಿಗೆಯನ್ನು ಹೊರಚಾಚಿ, ಹುಲ್ಲಿನ ಹಿಡಿಯೊಂದನ್ನು ಸುತ್ತಿಕೊಳ್ಳುವಂತೆ ಗಾಳಿಯನ್ನೇ ಸುತ್ತಿಕೊಂಡು ಒಳಕ್ಕೆಳೆಯುತ್ತದೆ. ಮೇಯುವಾಗ ಅದರ ನಾಲಿಗೆ ಮಾಡುವ ಕೆಲಸವೂ ಇದೇ ತಾನೆ. ಹುಲ್ಲೊಂದಿಲ್ಲ, ಅಷ್ಟೇ.

ಕೋಳಿಗಳ ಕಥೆಯೂ ಇದೇ. ಅವುಗಳ ಪೂರ್ವಜ ಕೆಂಪು ಕಾಡುಕೋಳಿ ಎಚ್ಚರವಿರುವ ಹೊತ್ತಿನ ಬಹುಪಾಲನ್ನು ನೆಲ ಕೆದರುವುದರಲ್ಲಿ, ಕುಕ್ಕುವುದರಲ್ಲಿ ಕಳೆಯುತ್ತದೆ. ಕುಕ್ಕಲು ನೆಲವೇ ಸಿಗದಿದ್ದಾಗ ಕೊಕ್ಕು ಪಕ್ಕದ ಕೋಳಿಯ ಗರಿಯ ಮೇಲೆ ಬೀಳುತ್ತದೆ. ಗರಿ ಕೀಳುವುದನ್ನು ಜಗಳ ಎಂದು ತಿಳಿಯುವವರು ಬಹಳ. ಇದರ ಬೇರು ಹೆಚ್ಚಾಗಿ ಮೇವು ಹುಡುಕುವ ತುಡಿತದಲ್ಲಿದೆ. ತಂತಿಯ ಪಂಜರದಲ್ಲಿರುವ ಕೋಳಿ ಮಣ್ಣಿಲ್ಲದೆಯೇ ಮಣ್ಣಿನ ಸ್ನಾನ ಮಾಡುತ್ತದೆ. ರೆಕ್ಕೆ ಕೊಡವುತ್ತದೆ, ಮಗ್ಗುಲಾಗುತ್ತದೆ, ಇಲ್ಲದ ದೂಳನ್ನು ಮೈಮೇಲೆ ಎರಚಿಕೊಳ್ಳುತ್ತದೆ.

ಸಿಡುಕು, ಬಾಲ ಕಚ್ಚುವಿಕೆ, ಅಂಜಿಕೆ

ದೊಡ್ಡಿಯಲ್ಲಿ ಒಂದು ಹಂದಿ ಇನ್ನೊಂದರ ಬಾಲ ಕಚ್ಚಿ ಗಾಯ ಮಾಡಲು ಶುರುಮಾಡಿದರೆ ಅದು ಬೇಗ ಹಬ್ಬುತ್ತದೆ. ಕಾರಣ ಯಾವುದೋ ಒಂದಲ್ಲ. ತುಂಬುತ್ತಿರುವ ಕೊಡವನ್ನು ನೆನೆಸಿಕೊಳ್ಳಿ: ಕಿಕ್ಕಿರಿದ ಜಾಗ ಒಂದು ಚೊಂಬು, ಕೆಟ್ಟ ಗಾಳಿ ಒಂದು ಚೊಂಬು, ಮೇವಿನ ತೊಟ್ಟಿಯ ಬಳಿ ನೂಕಾಟ ಇನ್ನೊಂದು, ಕೆದಕಲು ಏನೂ ಇಲ್ಲದಿರುವುದು ಮತ್ತೊಂದು. ಕೊನೆಯ ಹನಿ ಯಾವುದೇ ಆಗಿರಲಿ, ಉಕ್ಕಿದ್ದು ಎಲ್ಲವೂ ಸೇರಿ. ಇಲ್ಲಿ ಒಂದು ಮುನ್ಸೂಚನೆ ಸಿಗುತ್ತದೆ, ಬಹಳ ಸರಳವಾದದ್ದು. ನೆಮ್ಮದಿಯಾಗಿರುವ ಹಂದಿಯ ಬಾಲ ಸುರುಳಿ ಸುತ್ತಿರುತ್ತದೆ. ಬಾಲ ಕಚ್ಚುವ ಪಿಡುಗು ಶುರುವಾಗುವ ಮುಂಚಿನ ದಿನಗಳಲ್ಲೇ ಬಾಲಗಳು ಇಳಿಬಿದ್ದು ತೊಡೆಗಳ ನಡುವೆ ಸೇರತೊಡಗುತ್ತವೆ. ಕ್ಯಾಮೆರಾಗಳಿಂದ ಇದನ್ನು ತಾನಾಗಿ ಗುರುತಿಸುವ ಪ್ರಯೋಗಗಳೂ ನಡೆದಿವೆ.

ಮನುಷ್ಯನ ನಡವಳಿಕೆ ಈ ಕೊಡಕ್ಕೆ ಬೀಳುವ ದೊಡ್ಡ ಚೊಂಬು. ಆಸ್ಟ್ರೇಲಿಯದ ಪಾಲ್ ಹೆಮ್ಸ್‌ವರ್ತ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಹಂದಿಗಳ ಮೇಲೆ ಮಾಡಿದ ಅಧ್ಯಯನವೊಂದು ನನ್ನನ್ನು ಬಹಳ ಕಾಡಿದೆ. ಕೆಲವು ಹಂದಿಗಳ ಜೊತೆ ಸದಾ ಮೃದುವಾಗಿ, ಕೆಲವುಗಳ ಜೊತೆ ಸದಾ ಒರಟಾಗಿ, ಇನ್ನು ಕೆಲವುಗಳ ಜೊತೆ ಹೆಚ್ಚಿನ ಸಲ ಮೃದುವಾಗಿ, ಆಗೊಮ್ಮೆ ಈಗೊಮ್ಮೆ ಒರಟಾಗಿ ನಡೆದುಕೊಂಡರು. ಮೂರನೆಯ ಗುಂಪು ಮನುಷ್ಯರಿಗೆ ಹೆದರಿದ್ದು ಹೆಚ್ಚುಕಡಿಮೆ ಎರಡನೆಯ ಗುಂಪಿನಷ್ಟೇ. ಆಗೊಮ್ಮೆ ಬೀಳುವ ಏಟನ್ನು ಹಲವು ಸಲದ ನೇವರಿಕೆ ಅಳಿಸಲಿಲ್ಲ. ಯಾವಾಗ ಏನಾಗುತ್ತದೋ ಗೊತ್ತಿಲ್ಲ ಎಂಬ ಸ್ಥಿತಿಯೇ ಒಂದು ಹಿಂಸೆ.

ಹಸು ತನ್ನನ್ನು ಹೊಡೆದವರನ್ನು ಗುರುತಿಟ್ಟುಕೊಳ್ಳುತ್ತದೆ. ಜೆಫ್ರಿ ರಶನ್ ಮತ್ತು ಜೊತೆಗಾರರ 1999ರ ಪ್ರಯೋಗದಲ್ಲಿ ಒರಟಾಗಿ ನಡೆದುಕೊಂಡಿದ್ದ ವ್ಯಕ್ತಿ ಹಾಲು ಕರೆಯುವ ಹೊತ್ತಿನಲ್ಲಿ ಸುಮ್ಮನೆ ಬಳಿಯಲ್ಲಿ ನಿಂತಿದ್ದಕ್ಕೇ ಕೆಚ್ಚಲಿನಲ್ಲಿ ಉಳಿದುಬಿಡುವ ಹಾಲು ಸುಮಾರು ಶೇ. 70ರಷ್ಟು ಹೆಚ್ಚಾಯಿತು. ಹಸು ಸೊರೆ ಬಿಡಲು, ಅಂದರೆ ಹಾಲನ್ನು ಮೊಲೆಗೆ ಇಳಿಸಲು, ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಅಂಜಿಕೆ ಅದಕ್ಕೆ ಅಡ್ಡ ಬರುತ್ತದೆ. ‘ಹಾಲು ಕದಿಯುತ್ತದೆ’ ಎಂದು ಬೈಸಿಕೊಳ್ಳುವ ಹಸು ಬೇಕೆಂದೇ ಹಾಗೆ ಮಾಡುತ್ತಿರುವುದಿಲ್ಲ.

ಒತ್ತಡ ಒಂದು ತಲೆಮಾರಿಗೇ ಮುಗಿಯುವುದೂ ಇಲ್ಲ. ಗಬ್ಬದಲ್ಲಿದ್ದಾಗ ಪದೇ ಪದೇ ಅಪರಿಚಿತ ಹಂದಿಗಳ ಜೊತೆ ಸೇರಿಸಿ ಕಾದಾಟಕ್ಕೆ ಸಿಕ್ಕಿಸಿದ ತಾಯಂದಿರ ಹೆಣ್ಣುಮರಿಗಳು ಮುಂದೆ ಒತ್ತಡಕ್ಕೆ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸುವುದು ಕಂಡುಬಂದಿದೆ.

ಮೌನವೆಂಬ ಲಕ್ಷಣ

ಈಗ ಆ ಮೂರನೆಯ ಹಂದಿಯ ಹತ್ತಿರ ಬರೋಣ.

ಬ್ರಿಟನ್ನಿನ ಡೊನಾಲ್ಡ್ ಬ್ರೂಮ್ 1980ರ ದಶಕದಲ್ಲಿ ಸರಳ ಪರೀಕ್ಷೆಯೊಂದನ್ನು ಮಾಡಿದರು. ಮಲಗಿದ ಹಂದಿಯ ಬೆನ್ನ ಮೇಲೆ ನೀರು ಸುರಿಯುವುದು. ಗುಂಪಿನಲ್ಲಿ ಓಡಾಡಿಕೊಂಡಿದ್ದ ಹಂದಿಗಳು ತಟ್ಟನೆ ಪ್ರತಿಕ್ರಿಯಿಸಿದವು. ಕಟಕಟೆಯಲ್ಲಿ ಬಹುಕಾಲ ಇದ್ದವುಗಳ ಪ್ರತಿಕ್ರಿಯೆ ಮಂಕಾಗಿತ್ತು. ಅವುಗಳಿಗೆ ನಿದ್ದೆ ಬಂದಿರಲಿಲ್ಲ. ಸುತ್ತ ಏನಾದರೂ ಆಗುತ್ತದೆ, ಅದಕ್ಕೆ ತಾನು ಏನಾದರೂ ಮಾಡಬಹುದು ಎಂಬ ಎಣಿಕೆಯೇ ಅವುಗಳಲ್ಲಿ ಬತ್ತಿಹೋಗಿತ್ತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಲ್ಲಿ ಕಂಡದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ತಪ್ಪಿಸಿಕೊಳ್ಳಲಾಗದ ಶಾಕ್ ಪದೇ ಪದೇ ತಿಂದ ನಾಯಿಗಳು ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಬಹುಪಾಲು ಯತ್ನಿಸಲೇ ಇಲ್ಲ, ಬಿದ್ದುಕೊಂಡು ಸಹಿಸಿದವು. ಈ ಸ್ಥಿತಿಗೆ ‘ಕಲಿತ ಅಸಹಾಯಕತೆ’ ಎಂಬ ಹೆಸರು ಬಂತು.

ಹಾಗಾದರೆ ಕಂಬಿ ಕಚ್ಚುವ ಹಂದಿ? ಜಾರ್ಜಿಯಾ ಮೇಸನ್ ಮತ್ತು ನವೋಮಿ ಲೇಥಮ್ 2004ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಮಾತು ಹೊರಬಿದ್ದವು. ಇಂಥ ಪುನರಾವರ್ತನೆ ಹೆಚ್ಚಿರುವ ಜಾಗ ಸಾಮಾನ್ಯವಾಗಿ ಕೆಟ್ಟ ಜಾಗವೇ. ಆದರೆ ಅದೇ ಕೆಟ್ಟ ಜಾಗದೊಳಗೆ ಕಚ್ಚುವ, ಸುತ್ತುವ ಪ್ರಾಣಿ ಏನನ್ನೂ ಮಾಡದ ಪ್ರಾಣಿಗಿಂತ ಎಷ್ಟೋ ಸಲ ವಾಸಿ ಸ್ಥಿತಿಯಲ್ಲಿರುತ್ತದೆ. ಆ ಚಲನೆ ಅದಕ್ಕೆ ಅಷ್ಟಿಷ್ಟು ಸಮಾಧಾನ ಕೊಡುತ್ತಿರಬಹುದು. ಆದ್ದರಿಂದ ಮೂರರಲ್ಲಿ ಮೊದಲು ಹತ್ತಿರ ಹೋಗಿ ನೋಡಬೇಕಾದದ್ದು ಗೋಡೆ ನೋಡುತ್ತಾ ಕೂತ ಹಂದಿಯನ್ನು.

ಬೇಟೆಗೆ ಸಿಗುವ ಪ್ರಾಣಿಗಳು ಹೆಚ್ಚಾಗಿ ನೋವನ್ನು ಮುಚ್ಚಿಡುತ್ತವೆ, ಕುರಿಯೂ ಹಾಗೆಯೇ. ಕುಂಟುವ ಕುರಿ ತೋಳದ ಕಣ್ಣಿಗೆ ಮೊದಲು ಬೀಳುತ್ತದಲ್ಲವೇ? ಹಾಗಾಗಿ ಕುರಿ ಅರಚಲಿಲ್ಲ, ನೋವಿರಲಾರದು ಎಂಬ ತರ್ಕ ನಿಲ್ಲುವುದಿಲ್ಲ.

ಅರ್ಧ ತುಂಬಿದ ಲೋಟ, ಕರುವಿನ ಕಣ್ಣಲ್ಲಿ

ಬಹಳ ಕಾಲ ಚಿಂತೆಯಲ್ಲಿರುವವರಿಗೆ ಅರ್ಧ ತುಂಬಿದ ಲೋಟ ಅರ್ಧ ಖಾಲಿಯಾಗಿ ಕಾಣುತ್ತದೆ. ಪ್ರಾಣಿಗಳಿಗೂ ಹೀಗಾಗುತ್ತದೆಯೇ? 2004ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಎಮ್ಮಾ ಹಾರ್ಡಿಂಗ್, ಎಲಿಜಬೆತ್ ಪಾಲ್ ಮತ್ತು ಮೈಕಲ್ ಮೆಂಡ್ಲ್ ಇದಕ್ಕೊಂದು ಉಪಾಯ ಹುಡುಕಿದರು. ಒಂದು ಸ್ವರ ಕೇಳಿದರೆ ತಿಂಡಿ, ಇನ್ನೊಂದು ಕೇಳಿದರೆ ಅಹಿತವಾದ ಗದ್ದಲ ಎಂದು ಇಲಿಗಳಿಗೆ ಕಲಿಸಿದರು. ಆಮೇಲೆ ಎರಡರ ನಡುವಿನ ಸ್ವರ ಕೇಳಿಸಿದರು. ವಾಸದ ಸ್ಥಿತಿ ಹೇಳದೆ ಕೇಳದೆ ಬದಲಾಗುತ್ತಿದ್ದ ಇಲಿಗಳು ಆ ಅನಿಶ್ಚಿತ ಸ್ವರಕ್ಕೆ ತಿಂಡಿಯ ನಿರೀಕ್ಷೆಯನ್ನು ಕಡಿಮೆ ತೋರಿಸಿದವು.

ಕರುಗಳಲ್ಲೂ ಇದೇ ಬಗೆಯ ಪರೀಕ್ಷೆ ನಡೆಯಿತು. ಪರದೆಯ ಮೇಲೆ ಒಂದು ಬಣ್ಣ ಬಂದರೆ ಹಾಲು, ಇನ್ನೊಂದು ಬಂದರೆ ಇಲ್ಲ. ಕಾದ ಕಬ್ಬಿಣದಿಂದ ಕೊಂಬಿನ ಮೊಗ್ಗು ಸುಟ್ಟ ಮೇಲೆ ಅದೇ ಕರುಗಳು ನಡುವಿನ ಬಣ್ಣ ಕಂಡಾಗ ಹಾಲು ಸಿಕ್ಕೀತೆಂದು ಮುಂದೆ ಹೋಗುವುದು ಕಡಿಮೆಯಾಯಿತು. ನೋವು ಮುಂದಿನದರ ಕುರಿತ ಕರುವಿನ ನಿರೀಕ್ಷೆಯನ್ನೂ ಕುಗ್ಗಿಸಿತ್ತು.

ಅಳೆಯುವುದು ಹೇಗೆ?

ರಕ್ತದಲ್ಲಿ ಕಾರ್ಟಿಸೋಲ್ ನೋಡಿದರೆ ಆಯಿತಲ್ಲ ಎನ್ನಿಸಬಹುದು. ಅಷ್ಟು ಸುಲಭವಲ್ಲ. ರಕ್ತ ತೆಗೆಯಲು ಪ್ರಾಣಿಯನ್ನು ಹಿಡಿದದ್ದಕ್ಕೇ ಅದು ಏರುತ್ತದೆ. ಕೂಡುವಾಗಲೂ ಕುಣಿಯುವಾಗಲೂ ಏರುತ್ತದೆ. ದೀರ್ಘಕಾಲದ ಒತ್ತಡದಲ್ಲಿ ದೇಹ ಬಳಲಿ ಮಟ್ಟ ಸಹಜದಂತೆಯೇ ಕಾಣಬಹುದು. ಇದಕ್ಕಾಗಿ ಕೂದಲನ್ನು ಪರೀಕ್ಷಿಸುತ್ತಾರೆ. ಬೆಳೆಯುತ್ತಿರುವ ಕೂದಲು ಕಾರ್ಟಿಸೋಲನ್ನು ತನ್ನೊಳಗೆ ಕೂಡಿಡುವುದರಿಂದ ಕಳೆದ ವಾರ, ತಿಂಗಳುಗಳ ದಿನಚರಿಯನ್ನು ಅದರಲ್ಲಿ ಓದಬಹುದು. ಸಗಣಿ, ಹಿಕ್ಕೆಯ ಪರೀಕ್ಷೆ ಅದಕ್ಕಿಂತ ಚಿಕ್ಕ ಅವಧಿಯದ್ದು.

ಆದರೂ ದಿನಬಳಕೆಗೆ ಒದಗುವುದು ನಡವಳಿಕೆಯೇ. ಹಾಲು ಕೊಡುವ ಹಸು ದಿನಕ್ಕೆ ಸುಮಾರು 10ರಿಂದ 12 ಗಂಟೆ ಮಲಗುತ್ತದೆ. ಮಲಗಲು ಬಹಳ ಹೊತ್ತು ಬಿಡದಿದ್ದರೆ, ಅವಕಾಶ ಸಿಕ್ಕಾಗ ಮೇವನ್ನು ಬಿಟ್ಟಾದರೂ ಮೊದಲು ಮಲಗುತ್ತದೆ, ಅಷ್ಟು ಮುಖ್ಯ ಅದು. ಸೆಕೆ ಹೆಚ್ಚಾದಾಗ ಮೈಗೆ ಗಾಳಿಯಾಡಲೆಂದು ನಿಂತೇ ಇರುತ್ತದೆ, ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಬೆದೆಗೆ ಬಂದರೂ ಅದರ ಲಕ್ಷಣ ಮಂಕಾಗಿ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ.

ಒತ್ತಡದಲ್ಲಿ ಮೊದಲು ಕಡಿತವಾಗುವುದು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎನ್ನುವಂಥ ನಡವಳಿಕೆಗಳು: ಕರುಗಳ ಜಿಗಿದಾಟ, ಹಸುಗಳು ಒಂದನ್ನೊಂದು ನೆಕ್ಕುವುದು, ಕೊಟ್ಟಿಗೆಯಲ್ಲಿ ಹಾಕಿದ ಬ್ರಷ್ಷಿಗೆ ಮೈ ಉಜ್ಜಿಕೊಳ್ಳುವುದು. ತಿನ್ನುವುದು ಕಡಿಮೆಯಾಗುವುದು ಆಮೇಲೆ. ಕೈ ಬಿಗಿಯಾದ ಮನೆಯಲ್ಲಿ ಮೊದಲು ನಿಲ್ಲುವುದು ಅಕ್ಕಿಯಲ್ಲವಲ್ಲ, ಹಾಗೆ. ಮೇವು ತಿನ್ನುತ್ತಿದೆ, ಆದ್ದರಿಂದ ಚೆನ್ನಾಗಿದೆ ಎನ್ನುವ ಹೊತ್ತಿಗೆ ಕರುಗಳ ಆಟ ನಿಂತು ಎಷ್ಟೋ ದಿನವಾಗಿರಬಹುದು.

ಏನು ಬದಲಾದರೆ ಕಡಿಮೆಯಾಗುತ್ತದೆ?

1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿ ಸಾಕಣೆಯ ಪ್ರಾಣಿಗೆ ಏಳಲು, ಮಲಗಲು, ಹಿಂದಕ್ಕೆ ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು ಎಂದಿತು. ಐರೋಪ್ಯ ಒಕ್ಕೂಟದಲ್ಲಿ 2012ರಿಂದ ಮೊಟ್ಟೆಕೋಳಿಗಳ ಬರಿಯ ತಂತಿ ಪಂಜರಗಳಿಗೆ ನಿಷೇಧ ಬಂತು. 2013ರಿಂದ ಗಬ್ಬದ ಹಂದಿಗಳನ್ನು ಮೊದಲ ನಾಲ್ಕು ವಾರಗಳ ನಂತರ, ಮರಿ ಹಾಕಲು ಒಂದು ವಾರ ಉಳಿಯುವವರೆಗೆ, ಒಂಟಿ ಕಟಕಟೆಯಲ್ಲಿ ಇಡುವಂತಿಲ್ಲ.

ಜಾಗ ಬೇಕು, ಆದರೆ ಜಾಗ ಮಾತ್ರ ಸಾಲದು. ಬಾಯಿಗೆ ಕೆಲಸ ಬೇಕು: ಹಂದಿಗೆ ಒಣಹುಲ್ಲು ಮತ್ತು ನಾರು ಹೆಚ್ಚಿರುವ ಮೇವು, ಕೋಳಿಗೆ ಕೆದರಲು ಹೊಟ್ಟು, ಹಸುವಿಗೆ ಉದ್ದನೆಯ ಹುಲ್ಲು. ಜೊತೆ ಬೇಕು. ಒಂಟಿಯಾಗಿ ಬೆಳೆದ ಕರುಗಳಿಗಿಂತ ಜೋಡಿಯಾಗಿ ಬೆಳೆದವು ಬದಲಾದ ನಿಯಮವನ್ನು ಬೇಗ ಕಲಿಯುತ್ತವೆ. ಕರುವನ್ನು ತಾಯಿಯಿಂದ ಬಿಡಿಸುವಾಗ ಮೊದಲು ಮೂಗಿಗೆ ತಡೆ ಹಾಕಿ ಹಾಲು ನಿಲ್ಲಿಸಿ, ಕೆಲವು ದಿನ ತಾಯಿಯ ಜೊತೆಗೇ ಇರಲು ಬಿಟ್ಟು, ಆಮೇಲೆ ದೂರ ಮಾಡಿದರೆ, ಹಾಲು, ತಾಯಿ ಎರಡನ್ನೂ ಒಮ್ಮೆಲೇ ಕಿತ್ತುಕೊಂಡಾಗಿನಷ್ಟು ಕೂಗು, ಅಲೆದಾಟ ಇರುವುದಿಲ್ಲ. ಹೊತ್ತಿಗೆ ಸರಿಯಾಗಿ ಮೇವು, ಪರಿಚಿತ ದನಿ, ದಿನವೂ ಒಂದೇ ಬಗೆಯ ಕೈ ಇವಕ್ಕೆ ಖರ್ಚು ಅಷ್ಟೇನಿಲ್ಲ. ಹೆಮ್ಸ್‌ವರ್ತ್ ಅವರ ಹಂದಿಗಳು ಹೇಳಿದ್ದು ಅದನ್ನೇ.

ಬಹುಕಾಲದ ಅಭ್ಯಾಸ ಮಾತ್ರ ಬೇಗ ಹೋಗುವುದಿಲ್ಲ. ಕಟಕಟೆಯಿಂದ ಬಿಡುಗಡೆಯಾಗಿ ಹುಲ್ಲು ಹಾಸಿದ ದೊಡ್ಡಿಗೆ ಬಂದ ಹಳೆಯ ಹಂದಿ ಅಲ್ಲೂ ಕಂಬಿ ಹುಡುಕಬಹುದು. ಅದನ್ನು ನೋಡಿ ‘ಇದರ ಗುಣವೇ ಇಷ್ಟು’ ಎನ್ನುವ ಮುಂಚೆ, ಅದರ ಮರಿ ಹಾಕುವ ದಿನದ ಹಿಂದಿನ ಸಂಜೆ ಒಮ್ಮೆ ದೂರದಿಂದ ನಿಂತು ನೋಡಬೇಕು. ಹಂದಿ ನೆಲವನ್ನು ಮುಂಗಾಲಿನಿಂದ ಕೆರೆಯುತ್ತದೆ, ಬಾಯಿ ತುಂಬ ಹುಲ್ಲು ಕಚ್ಚಿ ಮೂಲೆಗೆ ಒಯ್ಯುತ್ತದೆ, ಮೂತಿಯಿಂದ ಒತ್ತಿ ಸುತ್ತ ಒಡ್ಡು ಕಟ್ಟುತ್ತದೆ, ಮತ್ತೆ ಹುಲ್ಲಿಗೆ ಹೋಗುತ್ತದೆ. ಸಿಮೆಂಟಿನ ಮೇಲೆ ಬಂಧಿಯಾಗಿದ್ದ ವರ್ಷಗಳಲ್ಲೂ ಪ್ರತಿ ಹೆರಿಗೆಗೆ ಮುಂಚೆ ಅದು ಹೀಗೆಯೇ ಕೆರೆದಿತ್ತು, ಬರಿಗಾಲಲ್ಲಿ, ಬರಿನೆಲದ ಮೇಲೆ. ಈ ಸಲ ಗೂಡು ಆಗುತ್ತಿದೆ.